‘ಟರ್ನಿಂಗ್ ರೆಡ್’: ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಬಹುದಾದ ಚಿತ್ರವೇ?

ಡಿಸ್ನಿ ಒಡೆತನದ ಪಿಕ್ಸಾರ್ ಅನಿಮೇಷನ್ ಸಂಸ್ಥೆಯ ‘ಟರ್ನಿಂಗ್ ರೆಡ್’ 2022ರ ಮಾರ್ಚ್ 11ರಂದು ಹೆಚ್ಚಿನ ದೇಶಗಳಲ್ಲಿ ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಡಿಸ್ನಿಯ ಸ್ಟ್ರೀಮಿಂಗ್ ವೇದಿಕೆಯಲ್ಲಿ ಬಿಡುಗಡೆಯಾಯಿತು. ಅಂದಿನಿಂದ ಈ ಚಿತ್ರದ ಸುತ್ತ ನಡೆದಿರುವ ವಾದವಿವಾದದ ಬಹುಪಾಲು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮನೆಮಂದಿಯೆಲ್ಲ ಕೂತು ನೋಡುವ ಅನಿಮೇಷನ್ ಚಿತ್ರದಲ್ಲಿ ಹುಡುಗಿಯೊಬ್ಬಳ ಮುಟ್ಟು, ಹುಡುಗರ ಮೇಲಿನ ಆಕರ್ಷಣೆ, ತಾಯಿಯ ಮೇಲಿನ ಸಿಟ್ಟು ಇವೆಲ್ಲ ಬರಬೇಕೇ, ಬೇಡವೇ? ಮೈಸೂರಿನಲ್ಲಿ ನನ್ನ ಮಗಳು ಓದುವ ಶಾಲೆಯ ಪೋಷಕರ ವಾಟ್ಸಾಪ್ ಗುಂಪಿನಲ್ಲೂ ಈ ಮಾತು ಬಂದಿತ್ತು. ಕಾರ್ಟೂನೆಂದು ಹಾಕಿಕೊಟ್ಟು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಪರದೆಯ ಮೇಲೆ ಪ್ಯಾಡಿನ ಡಬ್ಬಗಳು ಕಂಡವೆಂದು ತಾಯಿಯೊಬ್ಬರು ಬೇಸರದಿಂದ ಬರೆದಿದ್ದರು. ಯಾರೂ ಉತ್ತರ ಕೊಡಲಿಲ್ಲ. ಅರ್ಧ ಗಂಟೆಯ ನಂತರ ಇನ್ನೊಬ್ಬರು ಹೋಮ್‌ವರ್ಕಿನ ಬಗ್ಗೆ ಕೇಳಿದರು, ಮಾತು ಅತ್ತ ತಿರುಗಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ವಿಷಯ ಮಕ್ಕಳ ಚಿತ್ರದಲ್ಲಿ ಬರಲೇಬೇಕು. ಆದರೆ ಈ ಚಿತ್ರ ಕೆಲಸದ ಅರ್ಧವನ್ನು ಬಹಳ ಚೆನ್ನಾಗಿ ಮಾಡಿ ಉಳಿದರ್ಧವನ್ನು ಕೈಬಿಟ್ಟಿದೆ. ಆ ಉಳಿದರ್ಧವನ್ನು ಮನೆಯ ದೊಡ್ಡವರು ಹೇಳಿಕೊಡಲು ಸಿದ್ಧರಿದ್ದರೆ ಮಾತ್ರ ಇದನ್ನು ಮಕ್ಕಳಿಗೆ ಹಾಕಿಕೊಡುವುದು ಸಾರ್ಥಕ.

ಕಥೆ 2002ರ ಟೊರಾಂಟೊ ನಗರದ ಚೈನಾಟೌನಿನಲ್ಲಿ ನಡೆಯುತ್ತದೆ. ಮೇಲಿನ್ ಲೀ ಎಂಬ 13 ವರ್ಷದ ಹುಡುಗಿಯನ್ನು ಎಲ್ಲರೂ ಮೇ ಎಂದು ಕರೆಯುತ್ತಾರೆ. ಓದಿನಲ್ಲಿ ಸದಾ ಮುಂದಿರುವ ಈಕೆ ಶಾಲೆ ಬಿಟ್ಟ ಮೇಲೆ ತಾಯಿ ಮಿಂಗ್ ನಡೆಸುವ ಕುಲದ ಗುಡಿಯಲ್ಲಿ ಸ್ವಚ್ಛ ಮಾಡುತ್ತ, ಬಂದವರಿಗೆ ಅದರ ಇತಿಹಾಸ ವಿವರಿಸುತ್ತ ಸಂಜೆ ಕಳೆಯುತ್ತಾಳೆ. ಮಿರಿಯಮ್, ಪ್ರಿಯಾ, ಆ್ಯಬಿ ಎಂಬ ಮೂವರು ಗೆಳತಿಯರಿದ್ದಾರೆ. ‘4 ಟೌನ್’ ಎಂಬ ಹಾಡುಗಾರ ಹುಡುಗರ ತಂಡವೆಂದರೆ ನಾಲ್ವರಿಗೂ ಪ್ರಾಣ. ತಂಡದ ಹೆಸರಿನಲ್ಲಿ ನಾಲ್ಕಿದ್ದರೂ ಹಾಡುವವರು ಐವರು ಎಂಬುದು ಚಿತ್ರದುದ್ದಕ್ಕೂ ಬರುವ ತಮಾಷೆ. ಪಕ್ಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನ ಚಿತ್ರಗಳನ್ನು ಮೇ ಗುಟ್ಟಾಗಿ ನೋಟ್‌ಬುಕ್ಕಿನಲ್ಲಿ ಬಿಡಿಸಿಟ್ಟಿರುತ್ತಾಳೆ. ಅದು ತಾಯಿಯ ಕೈಗೆ ಸಿಗುತ್ತದೆ. ತಾಯಿ ಪುಸ್ತಕ ಹಿಡಿದುಕೊಂಡು ಮಗಳನ್ನೂ ಕರೆದೊಯ್ದು, ಅಂಗಡಿಯಲ್ಲಿ ಎಲ್ಲರೆದುರು ಆ ಹುಡುಗನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮರುದಿನ ಬೆಳಿಗ್ಗೆ ಎದ್ದಾಗ ಮೇ ದೊಡ್ಡ ಕೆಂಪು ಪಾಂಡಾ ಆಗಿಬಿಟ್ಟಿರುತ್ತಾಳೆ. ಸಿಟ್ಟು, ನಾಚಿಕೆ, ಸಂತೋಷ ಯಾವುದೇ ಉಕ್ಕಿ ಬಂದರೂ ಪಾಂಡಾ ಹೊರಬರುತ್ತದೆ, ಮನಸ್ಸು ತಣ್ಣಗಾದರೆ ಮಾಯವಾಗುತ್ತದೆ. ಇದು ಆ ಮನೆತನದ ಹೆಣ್ಣುಮಕ್ಕಳಿಗೆಲ್ಲ ಹರೆಯದಲ್ಲಿ ಬರುವ ಪೀಳಿಗೆಯ ಬಳುವಳಿ ಎಂಬುದು ಆಮೇಲೆ ತಿಳಿಯುತ್ತದೆ. (ಕೆಂಪು ಪಾಂಡಾ ನಮಗೆ ತೀರಾ ಪರಕೀಯ ಪ್ರಾಣಿಯೇನಲ್ಲ, ಅದು ಸಿಕ್ಕಿಂನ ರಾಜ್ಯಪ್ರಾಣಿ.)

ನಿರ್ದೇಶಕಿ ಡೊಮಿ ಶಿ ಚೀನಾದಲ್ಲಿ ಹುಟ್ಟಿ ಟೊರಾಂಟೊದಲ್ಲಿ ಬೆಳೆದವರು. ತಾಯಿಯ ಅತಿಪ್ರೀತಿಯನ್ನೇ ವಸ್ತುವಾಗಿಟ್ಟುಕೊಂಡ ಅವರ ‘ಬಾವ್’ ಎಂಬ 2018ರ ಕಿರುಚಿತ್ರಕ್ಕೆ ಆಸ್ಕರ್ ಬಂದಿತ್ತು. ಪಿಕ್ಸಾರಿನ ಪೂರ್ಣಾವಧಿ ಚಿತ್ರವೊಂದನ್ನು ಒಬ್ಬರೇ ನಿರ್ದೇಶಿಸಿದ ಮೊದಲ ಮಹಿಳೆ ಇವರು. ಇದನ್ನು ಹೇಳಲು ಕಾರಣವಿದೆ. ಚಿತ್ರದ ಸಣ್ಣಪುಟ್ಟ ವಿವರಗಳಲ್ಲಿ ಆ ವಯಸ್ಸನ್ನು ಸ್ವತಃ ದಾಟಿ ಬಂದವರ ಕಣ್ಣು ಕಾಣಿಸುತ್ತದೆ. ಹೊರಗೆ ನಿಂತು ಬುದ್ಧಿ ಹೇಳುವ ಧ್ವನಿ ಎಲ್ಲಿಯೂ ಇಲ್ಲ.

ಎಲ್ಲರ ತಕರಾರಿಗೆ ಕಾರಣವಾದ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಾಂಡಾ ಆದ ಮೇ ಬಚ್ಚಲಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡು, ಪರದೆಯ ಹಿಂದೆ ಅಡಗಿ ಕಿರುಚಿಕೊಳ್ಳುತ್ತಾಳೆ. ಹೊರಗಿರುವ ತಾಯಿ ಮಗಳು ಮೈನೆರೆದಳೆಂದೇ ಭಾವಿಸುತ್ತಾಳೆ. ಗಂಡನಿಗೆ ವಿಷಯ ತಿಳಿಸುತ್ತಾಳೆ. ಆತ ಗಾಬರಿಯಿಂದ ಅಲ್ಲಿಂದ ಜಾಗ ಖಾಲಿ ಮಾಡುತ್ತಾನೆ. ತಾಯಿ ನೋವಿನ ಮಾತ್ರೆ, ಬಿಸಿನೀರಿನ ಚೀಲ, ಬಗೆಬಗೆಯ ಪ್ಯಾಡಿನ ಡಬ್ಬಗಳನ್ನು ತೋಳ ತುಂಬ ಹೊತ್ತು ತರುತ್ತಾಳೆ. ದಪ್ಪ, ತೆಳು, ರಾತ್ರಿಗೆ ಬೇರೆ, ಪರಿಮಳ ಇರುವುದು, ಇಲ್ಲದಿರುವುದು ಎಂದು ಒಂದೊಂದರ ಹೆಸರು ಹೇಳುತ್ತಾಳೆ. ಅವಳ ಮುಖದಲ್ಲಿ ನಾಚಿಕೆಯಿಲ್ಲ, ತುಸು ಭಾವುಕತೆ ಇದೆ, ಬಹಳ ಹಿಂದೆಯೇ ಸಿದ್ಧತೆ ಮಾಡಿಟ್ಟುಕೊಂಡವರ ಗಡಿಬಿಡಿಯಿದೆ. ಇಷ್ಟೇ ದೃಶ್ಯ. ಅಶ್ಲೀಲವೆನ್ನುವಂಥದ್ದು ಒಂದು ಚೌಕಟ್ಟಿನಲ್ಲೂ ಇಲ್ಲ. ನಮ್ಮ ಕುವೆಂಪುನಗರದ ಯಾವ ಮೆಡಿಕಲ್ ಸ್ಟೋರಿಗೆ ಹೋದರೂ ಗಾಜಿನ ಹಿಂದೆ ಸಾಲಾಗಿ ಜೋಡಿಸಿಟ್ಟಿರುವ, ಟಿವಿಯಲ್ಲಿ ಧಾರಾವಾಹಿಗಳ ನಡುವೆ ಜಾಹೀರಾತಾಗಿ ಬರುವ ವಸ್ತುವೇ ಅದು. ಅಂಗಡಿಯವರು ಅದನ್ನು ಇಂದಿಗೂ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ಕಪ್ಪು ಕವರಿಗೆ ಹಾಕಿ, ಮುಖ ನೋಡದೆ ಕೈಗೆ ಕೊಡುತ್ತಾರೆ. ಪಕ್ಕದಲ್ಲಿ ಕೆಮ್ಮಿನ ಔಷಧ ಕೊಳ್ಳುವವರಿಗೆ ಈ ಮರ್ಯಾದೆ ಇಲ್ಲ. ಕಪ್ಪು ಕವರ್ ಕಂಡರೆ ಒಳಗೇನಿದೆಯೆಂದು ಬೀದಿಗೆಲ್ಲ ಗೊತ್ತು. ಹಾಗಾದರೆ ಮರೆಮಾಚುವುದು ಯಾರಿಂದ ಎಂಬುದಷ್ಟೇ ನನಗೆ ಅರ್ಥವಾಗಿಲ್ಲ.

ಇದರ ಮುಂದುವರಿಕೆಯಾಗಿ ಶಾಲೆಯ ದೃಶ್ಯ ಬರುತ್ತದೆ. ಮಗಳು ಪ್ಯಾಡ್ ಮರೆತು ಹೋದಳೆಂದು ಚಿಂತೆಗೊಳಗಾದ ತಾಯಿ ಶಾಲೆಯ ಅಂಗಳದ ಮರದ ಹಿಂದೆ ನಿಂತು ತರಗತಿಯೊಳಗೆ ಇಣುಕುತ್ತಾಳೆ. ಕಾವಲುಗಾರ ಬಂದು ತಡೆದಾಗ ಡಬ್ಬವನ್ನು ಎತ್ತಿ ತೋರಿಸಿ ಮಗಳನ್ನು ಕೂಗುತ್ತಾಳೆ, ಇಡೀ ತರಗತಿ ಕಿಟಕಿಯತ್ತ ತಿರುಗುತ್ತದೆ. ನಗು ಬರುವಂತೆ ತೆಗೆದ ಈ ದೃಶ್ಯವನ್ನು ನೋಡುತ್ತ ನನ್ನ ಮಗಳು ನಗಲಿಲ್ಲ, ದಿಂಬನ್ನು ಮುಖಕ್ಕೆ ಒತ್ತಿಕೊಂಡಳು. ಪರದೆಯ ಮೇಲಿನ ಹುಡುಗಿಯ ಅವಮಾನ ಆ ವಯಸ್ಸಿನ ಮಕ್ಕಳಿಗೆ ಎಷ್ಟು ಬೇಗ ತಲುಪುತ್ತದೆಯೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಚಿತ್ರದ ನಿಜವಾದ ವಸ್ತು ಮುಟ್ಟಲ್ಲ, ಈ ಅವಮಾನ. ತನ್ನ ಮೈ, ತನ್ನ ಆಸೆ, ತನ್ನ ನೋಟ್‌ಬುಕ್ಕು ಯಾವುದೂ ತನ್ನದಲ್ಲ, ತಾಯಿ ಯಾವ ಗಳಿಗೆಯಲ್ಲಾದರೂ ಅದನ್ನು ಎತ್ತಿ ಹತ್ತು ಜನರಿಗೆ ತೋರಿಸಬಹುದು ಎಂಬ ಭಯವನ್ನು ಇಷ್ಟು ನಿಖರವಾಗಿ ಹಿಡಿದ ಮಕ್ಕಳ ಚಿತ್ರವನ್ನು ನಾನು ನೋಡಿಲ್ಲ.

ನಾವು ಚಿತ್ರವನ್ನು ನೋಡಿದ್ದು ಮನೆಯಲ್ಲಿ, ಇಂಗ್ಲಿಷಿನಲ್ಲಿಯೇ. ಜೊತೆಯಲ್ಲಿ ಹನ್ನೆರಡರ ಮಗಳು, ಒಂಬತ್ತರ ಮಗ, ನನ್ನ ಹೆಂಡತಿ ಮತ್ತು ಊರಿನಿಂದ ಬಂದಿದ್ದ ನನ್ನ ತಾಯಿ ಇದ್ದರು. ತಾಯಿಗೆ ಇಂಗ್ಲಿಷ್ ಬಾರದ ಕಾರಣ ಮಗಳು ಆಗಾಗ ವಿವರಿಸುತ್ತಿದ್ದಳು. ಚಿತ್ರದ ನಡುಭಾಗದಲ್ಲಿ ಮೇಯ ಅಜ್ಜಿ, ಚಿಕ್ಕಮ್ಮಂದಿರೆಲ್ಲ ಒಂದು ಶಾಸ್ತ್ರಕ್ಕಾಗಿ ಬಂದು ಸೇರುತ್ತಾರೆ. ಚಂದ್ರ ಕೆಂಪಾಗುವ ರಾತ್ರಿ, ನೆಲದ ಮೇಲೆ ವೃತ್ತ ಬರೆದು, ಹುಡುಗಿಯನ್ನು ನಡುವೆ ಕೂರಿಸಿ, ಸುತ್ತ ನಿಂತ ಹೆಂಗಸರು ಹಾಡು ಹೇಳುತ್ತಾರೆ. ಒಳಗಿನ ಪಾಂಡಾವನ್ನು ತೆಗೆದು ಒಡವೆಯೊಂದರಲ್ಲಿ ಕಟ್ಟಿಹಾಕುವುದು ಶಾಸ್ತ್ರದ ಉದ್ದೇಶ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ನನ್ನ ತಾಯಿ, “ಇದೇನ್ ಮಗಾ, ನಮ್ಮೂರಲ್ಲಿ ಒಸಗೆ ಮಾಡಿದಂಗೇ ಐತಲ್ಲ?” ಎಂದರು. “ಒಸಗೆ ಅಂದ್ರೇನಜ್ಜಿ?” ಎಂದು ಮಗಳು ಕೇಳಿದಳು. ಟಿವಿ ನಿಲ್ಲಿಸಬೇಕಾಯಿತು, ಅಜ್ಜಿಯ ಮಾತು ಶುರುವಾಯಿತು. ಚಿತ್ರದಿಂದ ನಮ್ಮ ಮನೆಗೆ ಆದ ದೊಡ್ಡ ಲಾಭ ಅದೇ.

ಒಸಗೆಯೆಂದರೆ ಹುಡುಗಿ ಮೈನೆರೆದಾಗ ಮಾಡುವ ಶಾಸ್ತ್ರ. ಮಂಡ್ಯ ಸೀಮೆಯ ಹಳ್ಳಿಗಳ ಪರಿಚಯವಿದ್ದವರಿಗೆ ಆಗ ಅವಳಿಗಾಗಿ ಗುಡ್ಲು, ಅಂದರೆ ಸೊಪ್ಪಿನ ಗುಡಿಸಲು, ಹಾಕುವುದನ್ನು ವಿವರಿಸಬೇಕಿಲ್ಲ. ಪಾಂಡವಪುರದ ಹತ್ತಿರ ನನ್ನ ಅಕ್ಕನ ಮಗಳು ದೊಡ್ಡವಳಾದಾಗ ಸೋದರಮಾವನೆಂಬ ಕಾರಣಕ್ಕೆ ಹಸಿ ಸೊಪ್ಪು, ತೆಂಗಿನ ಗರಿ ಕಡಿದು ತಂದು ಗುಡ್ಲು ಕಟ್ಟಿಕೊಟ್ಟವನು ನಾನೇ. ಅವಳಿಗೆ ಬೇರೆ ಚಾಪೆ, ಬೇರೆ ತಟ್ಟೆ ಲೋಟ. ಸಂಜೆಯಾದರೆ ಕೇರಿಯ ಹೆಂಗಸರೆಲ್ಲ ಬಂದು ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿ, ಸೋಬಾನೆ ಹೇಳಿ, ಚಿಗಳಿ, ಕೊಬ್ಬರಿ ಬೆಲ್ಲ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಊರಿನ ಗಂಡಸರು, ಹುಡುಗರು, ಶಾಲೆಯ ಮೇಷ್ಟ್ರು, ಹಾಲು ಹಾಕುವವನು, ಎಲ್ಲರಿಗೂ ಸುದ್ದಿ ಗೊತ್ತು. ಆ ಹುಡುಗಿಗೆ ತನ್ನ ಮೈಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ನರ್ಸಿಂಗ್ ಓದಲು ಸೇರಿದ ಮೇಲೆ ಅವಳೇ ಇದನ್ನು ನಗುತ್ತ ಹೇಳಿದಳು. ಚಪ್ಪರ ಹಾಕಿ, ಊರು ಕರೆದು ಸಾರುವ ಸಂಗತಿಯನ್ನು ಮನೆಯೊಳಗೆ ತಂದೆ ತಾಯಿ ಮಕ್ಕಳು ಕೂತು ಮಾತಾಡಲಾಗದಿರುವುದು ನಮ್ಮ ವಿಚಿತ್ರ. ಆದ್ದರಿಂದ, ಇಂಥ ಚಿತ್ರಗಳು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬ ಆಕ್ಷೇಪವನ್ನು ಒಪ್ಪುವುದು ನನಗೆ ಕಷ್ಟ. ಮಹಾಭಾರತದ ದ್ಯೂತಪ್ರಸಂಗದಲ್ಲಿ ಸಭೆಗೆ ಎಳೆತರಲ್ಪಟ್ಟ ದ್ರೌಪದಿ ರಜಸ್ವಲೆಯಾಗಿದ್ದಳು, ಒಂದೇ ಬಟ್ಟೆಯಲ್ಲಿದ್ದಳು ಎಂಬುದು ಆ ಕಥೆಯ ಕ್ರೌರ್ಯದ ಮುಖ್ಯ ಭಾಗ. ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿರುವ ಹರಿಕಥೆಯ ಚಪ್ಪರಗಳಲ್ಲೂ ಆ ಪ್ರಸಂಗ ನಡೆಯುತ್ತದೆ. ಯಾರೂ ಎದ್ದು ಹೋಗುವುದಿಲ್ಲ.

ಹಾಗೆಂದು ಚಿತ್ರದಲ್ಲಿ ಹಿರಿಯರಿಗೆ ಇರುಸುಮುರುಸಾಗುವುದೇನೂ ಇಲ್ಲವೆಂದಲ್ಲ. ನನ್ನ ತಾಯಿಗೆ ಪ್ಯಾಡಿನ ದೃಶ್ಯ ಏನೂ ಅನಿಸಲಿಲ್ಲ, ಆದರೆ ಮೇ ಹೇಳುವ ಸುಳ್ಳುಗಳು ಹಿಡಿಸಲಿಲ್ಲ. ಗಣಿತದ ಕ್ಲಬ್ಬಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಗೆಳತಿಯರ ಜೊತೆ ಸೇರುವುದು, ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗಾಗಿ ಶಾಲೆಯಲ್ಲಿ ಪಾಂಡಾ ರೂಪ ತೋರಿಸಿ ದುಡ್ಡು ಮಾಡುವುದು, ಸಹಪಾಠಿಯ ಹುಟ್ಟುಹಬ್ಬಕ್ಕೆ ಕದ್ದು ಹೋಗುವುದು, ಸೊಂಟ ಕುಣಿಸಿ ತಾಯಿಯನ್ನು ಅಣಕಿಸುವುದು, ಇವೆಲ್ಲ ಚಿತ್ರದಲ್ಲಿವೆ. ಸುಳ್ಳಿಗೆ ತಕ್ಕ ಪಶ್ಚಾತ್ತಾಪವೂ ಇದೆ. ತಾಯಿ ಗೆಳತಿಯರ ಮೇಲೆ ತಪ್ಪು ಹೊರಿಸಿದಾಗ ಮೇ ಬಾಯಿ ಬಿಡದೆ ನಿಲ್ಲುವ ದೃಶ್ಯ ಬಹಳ ನೋವಿನದು. ಆದರೂ ಕೊನೆಯಲ್ಲಿ ಗೆಲ್ಲುವುದು ಮಗಳ ಹಟವೇ. ಇದನ್ನು ಒಪ್ಪದ ಪೋಷಕರ ಜೊತೆ ನಾನು ವಾದಿಸುವುದಿಲ್ಲ, ಏಕೆಂದರೆ ಅದು ಪ್ರಾಮಾಣಿಕವಾದ ಆಕ್ಷೇಪ. ಚಿತ್ರ ಎತ್ತಿರುವ ಪ್ರಶ್ನೆಯನ್ನು ಅರ್ಥಮಾಡಿಕೊಂಡೇ ಮಾಡಿದ ಆಕ್ಷೇಪ. ಪ್ಯಾಡು ಕಂಡಿತೆಂದು ರಿಮೋಟ್ ಹುಡುಕುವುದಕ್ಕೆ ಆ ತೂಕವಿಲ್ಲ.

ತಂದೆಯ ಪಾತ್ರದ ಬಗ್ಗೆ ಒಂದು ಮಾತು ಹೇಳಬೇಕು. ಜಿನ್ ಎಂಬ ಈ ಮನುಷ್ಯ ಚಿತ್ರದ ಮುಕ್ಕಾಲು ಭಾಗ ಒಲೆಯ ಮುಂದೆ ನಿಂತು ಅಡುಗೆ ಮಾಡುತ್ತಾನೆ, ತಾಯಿ ಮಗಳ ಜಗಳದ ನಡುವೆ ತಲೆ ಹಾಕುವುದಿಲ್ಲ. ಪ್ಯಾಡಿನ ಸುದ್ದಿ ಬಂದಾಗ ಓಡಿಹೋದವನೂ ಇವನೇ. ನಮ್ಮ ಕಡೆಯ ಅಪ್ಪಂದಿರ ಪಡಿಯಚ್ಚು ಎನ್ನಬಹುದು, ಅಡುಗೆಯೊಂದನ್ನು ಬಿಟ್ಟು. ಶಾಸ್ತ್ರದ ರಾತ್ರಿ, ಮಗಳು ಗೆಳತಿಯರ ಜೊತೆ ಪಾಂಡಾ ಆಗಿ ಕುಣಿದಾಡಿದ ವಿಡಿಯೊ ಇವನ ಕೈಗೆ ಸಿಗುತ್ತದೆ. ಬೈಯುತ್ತಾನೆಂದು ಮಗಳು ಹೆದರುತ್ತಾಳೆ. ಆತ ಪಕ್ಕದಲ್ಲಿ ಕೂತು, ಎಲ್ಲರೊಳಗೂ ಗೊಂದಲದ ಮುಖವೊಂದು ಇರುತ್ತದೆ, ಅದನ್ನು ಹೊರಗಟ್ಟುವುದಕ್ಕಿಂತ ಅದಕ್ಕೊಂದು ಜಾಗ ಮಾಡಿಕೊಟ್ಟು ಬದುಕುವುದು ಮೇಲು ಎಂಬರ್ಥದ ನಾಲ್ಕು ಮಾತು ಹೇಳುತ್ತಾನೆ. ವಿಡಿಯೊ ನೋಡಿ ತನಗೆ ನಗು ಬಂತೆಂದೂ ಹೇಳುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ಚಿಕ್ಕ ದೃಶ್ಯ. ಮಗಳ ಮೈಯಲ್ಲಿ ಆಗುವ ಬದಲಾವಣೆಯ ಬಗ್ಗೆ ತಂದೆ ಏನು ಮಾತಾಡಬಹುದು ಎಂದು ತೋಚದವರಿಗೆ ಇದೊಂದು ಮಾದರಿ: ಪಾಠ ಮಾಡಬೇಕಿಲ್ಲ, ಎದ್ದು ಹೋಗದೆ ಕೂತರೆ ಸಾಕು.

ಇನ್ನು ಕೈಬಿಟ್ಟ ಅರ್ಧದ ಮಾತು. ಮೇಗೆ ನಿಜಕ್ಕೂ ಮುಟ್ಟು ಬಂದಿರುವುದಿಲ್ಲ; ಅದು ತಾಯಿಯ ತಪ್ಪು ತಿಳಿವಳಿಕೆ. ಪಾಂಡಾದ ಸಂಗತಿ ಬಯಲಾಗುತ್ತಿದ್ದಂತೆ ಚಿತ್ರ ಪ್ಯಾಡುಗಳನ್ನು ಮರೆತುಬಿಡುತ್ತದೆ. ಅಲ್ಲಿಂದಾಚೆಗೆ ಎಲ್ಲವೂ ರೂಪಕ. ದೊಡ್ಡವರಿಗೆ ಕೆಂಪು ಬಣ್ಣ, ತಿಂಗಳು, ಚಂದ್ರ, ತಾಯಿಯಿಂದ ಮಗಳಿಗೆ ಇಳಿಯುವ ಬಳುವಳಿ ಎಲ್ಲವೂ ಥಟ್ಟನೆ ಅರ್ಥವಾಗುತ್ತದೆ. ಒಂಬತ್ತರ ಹುಡುಗನಿಗೆ ಅದು ಪಾಂಡಾದ ಕಥೆ, ಅಷ್ಟೇ. ಆ ಡಬ್ಬಗಳಲ್ಲಿ ಇದ್ದದ್ದೇನು, ಅದು ಏಕೆ ಬೇಕು, ನೋವಿನ ಮಾತ್ರೆ ಯಾಕೆ ತಂದಳು ಎಂಬ ಪ್ರಶ್ನೆಗಳಿಗೆ ಚಿತ್ರದಲ್ಲಿ ಉತ್ತರವಿಲ್ಲ. ನನ್ನ ಮಗ ಕೇಳಿದ್ದು ಸರಿಯಾಗಿ ಇದನ್ನೇ, ಅದೂ ಅಜ್ಜಿಯ ಮುಂದೆಯೇ. ಕೊನೆಯ ಭಾಗವಂತೂ ಇನ್ನೂ ದೂರ ಸರಿಯುತ್ತದೆ. ತಾಯಿ ಮಿಂಗ್ ಕಟ್ಟಡದಷ್ಟು ಎತ್ತರದ ಪಾಂಡಾ ಆಗಿ ಸಂಗೀತ ನಡೆಯುತ್ತಿದ್ದ ಕ್ರೀಡಾಂಗಣವನ್ನೇ ಪುಡಿಮಾಡುತ್ತಾಳೆ. ಹೊಡೆದಾಟ, ಹಾಡು, ಮತ್ತೆ ಹೊಡೆದಾಟ. ಅಷ್ಟು ಸೂಕ್ಷ್ಮವಾಗಿ ಕಟ್ಟಿದ ತಾಯಿ ಮಗಳ ಸಂಬಂಧ ಗದ್ದಲದಲ್ಲಿ ಕಳೆದುಹೋಗುವುದೇನೋ ಎನಿಸುವಾಗ, ಬಿದಿರಿನ ಕಾಡಿನಲ್ಲಿ ಮೇ ತನ್ನ ತಾಯಿಯನ್ನು ಅಳುವ ಹುಡುಗಿಯ ರೂಪದಲ್ಲಿ ಕಂಡು ಕೈ ಹಿಡಿದು ನಡೆಸುವ ದೃಶ್ಯ ಬಂದು ಚಿತ್ರ ಉಳಿದುಕೊಳ್ಳುತ್ತದೆ. ತನ್ನ ತಾಯಿಯನ್ನು ಎಂದೂ ಮೆಚ್ಚಿಸಲಾರೆನೆಂಬ ಮಿಂಗ್‌ಳ ಅಳಲು ಕೇಳಿದಾಗ ನನ್ನ ಹೆಂಡತಿಯ ಕಣ್ಣು ಒದ್ದೆಯಾಗಿತ್ತು.

ಇಲ್ಲೊಂದು ಸ್ವಾರಸ್ಯದ ಹೋಲಿಕೆಯಿದೆ. ಮುಟ್ಟಿನ ವಿಷಯದಲ್ಲಿ ಡಿಸ್ನಿ ಸಂಸ್ಥೆಗೆ ಇದು ಮೊದಲ ಪ್ರಯತ್ನವಲ್ಲ. 1946ರಲ್ಲಿಯೇ ಅದು ಪ್ಯಾಡ್ ಕಂಪನಿಯೊಂದಕ್ಕಾಗಿ ‘ದಿ ಸ್ಟೋರಿ ಆಫ್ ಮೆನ್‌ಸ್ಟ್ರುಯೇಶನ್’ ಎಂಬ ಸುಮಾರು 10 ನಿಮಿಷದ ಅನಿಮೇಷನ್ ಚಿತ್ರ ಮಾಡಿತ್ತು; ಅಮೆರಿಕದ ಶಾಲೆಗಳಲ್ಲಿ ವರ್ಷಗಟ್ಟಲೆ ಅದನ್ನು ಹುಡುಗಿಯರಿಗೆ ತೋರಿಸಲಾಯಿತು. ಗ್ರಂಥಿಗಳು, ಗರ್ಭಕೋಶ, ತಿಂಗಳ ಚಕ್ರ ಎಲ್ಲವನ್ನೂ ಅದು ಅಚ್ಚುಕಟ್ಟಾಗಿ ವಿವರಿಸುತ್ತದೆ, ಆದರೆ ಚಿತ್ರದಲ್ಲಿ ಸ್ರಾವದ ಬಣ್ಣ ಬಿಳಿ. 1946ರ ಚಿತ್ರ ಮೈಯನ್ನು ವಿವರಿಸಿತು, ಮನಸ್ಸಿನ ಗೋಜಿಗೆ ಹೋಗಲಿಲ್ಲ. 2022ರ ಚಿತ್ರ ಶೀರ್ಷಿಕೆಯಲ್ಲೇ ಕೆಂಪನ್ನು ಇಟ್ಟುಕೊಂಡು ಮನಸ್ಸನ್ನು ಬಿಚ್ಚಿಟ್ಟಿತು, ಮೈಯ ವಿವರಣೆಗೆ ಕೈ ಹಾಕಲಿಲ್ಲ. ಜಪಾನಿನ ಇಸಾವೊ ತಕಾಹಾತ 1991ರಲ್ಲಿಯೇ ‘ಓನ್ಲಿ ಯೆಸ್ಟರ್‌ಡೇ’ ಎಂಬ ಚಿತ್ರದಲ್ಲಿ ಐದನೇ ತರಗತಿಯ ಹುಡುಗಿಯರು ಇದೇ ವಿಷಯವನ್ನು ಮಾತಾಡಿಕೊಳ್ಳುವುದನ್ನೂ ಹುಡುಗರು ರೇಗಿಸುವುದನ್ನೂ ಯಾವ ರೂಪಕದ ಹಂಗಿಲ್ಲದೆ ತೋರಿಸಿದ್ದರು. ಅದು ಅಮೆರಿಕದ ಚಿತ್ರಮಂದಿರಗಳನ್ನು ತಲುಪಿದ್ದು 2016ರಲ್ಲಿ.

ಪಿಕ್ಸಾರಿನದೇ ‘ಇನ್‌ಸೈಡ್ ಔಟ್ 2’ ಇಲ್ಲಿನ ಮಲ್ಟಿಪ್ಲೆಕ್ಸುಗಳಿಗೆ 2024ರ ಜೂನ್‌ನಲ್ಲಿ, ಶಾಲೆಗಳು ಆಗಷ್ಟೇ ಶುರುವಾಗಿದ್ದ ದಿನಗಳಲ್ಲಿ ಬಂದಿತ್ತು. ಅದರ ನಾಯಕಿ ರೈಲಿಗೂ 13 ವರ್ಷ. ಒಂದು ರಾತ್ರಿ ಅವಳ ಮನಸ್ಸಿನೊಳಗೆ ಹರೆಯದ ಗಂಟೆ ಬಾರಿಸುತ್ತದೆ; ಕೆಲಸಗಾರರು ಬಂದು ಎಲ್ಲವನ್ನೂ ಒಡೆದು ಹಾಕುತ್ತಾರೆ, ಆತಂಕ, ಅಸೂಯೆ, ಬೇಸರ, ಮುಜುಗರ ಎಂಬ ಹೊಸ ಭಾವಗಳು ಸೂಟ್‌ಕೇಸ್ ಸಮೇತ ಬಂದಿಳಿಯುತ್ತವೆ. ಹಾಕಿ ಶಿಬಿರದಲ್ಲಿ ಆತಂಕವೇ ಯಜಮಾನಿಕೆ ಹಿಡಿದು, ಕೊನೆಗೆ ರೈಲಿಗೆ ಉಸಿರು ಕಟ್ಟಿ ಎದೆ ಹೊಡೆದುಕೊಳ್ಳುವ ದೃಶ್ಯವನ್ನು ನೋಡುವಾಗ ಚಿತ್ರಮಂದಿರದಲ್ಲಿ ಚಿಪ್ಸಿನ ಪೊಟ್ಟಣದ ಸದ್ದೂ ನಿಂತಿತ್ತು. ಆ ಚಿತ್ರಕ್ಕೆ ಇಂಥ ವಿರೋಧ ಎಲ್ಲಿಯೂ ಬರಲಿಲ್ಲ, ಪ್ರಪಂಚದಾದ್ಯಂತ 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರಲ್ಲಿ ಹರೆಯವೆಂದರೆ ಮನಸ್ಸು. ಮೈಯ ಪಾಲಿಗೆ ಒಂದು ಮೊಡವೆ, ಬೆವರಿನ ವಾಸನೆಯ ಒಂದು ತಮಾಷೆ, ಅಷ್ಟೇ. ಹದಿಮೂರರ ಹುಡುಗಿಯ ಕಥೆಯಲ್ಲಿ ಮುಟ್ಟಿನ ಸುಳಿವೇ ಇಲ್ಲದಿರುವುದು ನನಗೆ ಜಾಣತನವಾಗಿ ಕಂಡಿತು, ಧೈರ್ಯವಾಗಿ ಅಲ್ಲ. ಕಥೆಯ ಬಿಗಿಯಲ್ಲಿ ‘ಇನ್‌ಸೈಡ್ ಔಟ್ 2’ ಮುಂದು. ಆದರೆ ಅದನ್ನು ನೋಡಿ ಬಂದ ಮೇಲೆ ನಮ್ಮ ಮನೆಯಲ್ಲಿ ಪರೀಕ್ಷೆಯ ಭಯದ ಬಗ್ಗೆ ಮಾತು ನಡೆಯಿತೇ ಹೊರತು ಬೇರೇನೂ ಅಲ್ಲ.

ಇದನ್ನೆಲ್ಲ ಶಾಲೆ ಹೇಳಿಕೊಡುತ್ತದಲ್ಲ, ಸಿನಿಮಾ ಯಾಕೆ ಬೇಕು ಎಂಬ ಮಾತೂ ಕೇಳಿಬರುತ್ತದೆ. ರಾಜ್ಯ ಪಠ್ಯಕ್ರಮದ ಎಂಟನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಹದಿಹರೆಯದ ಬಗ್ಗೆ ಒಂದು ಪಾಠ ಇರುವುದು ನಿಜ. ಹೆಣ್ಣುಮಕ್ಕಳಲ್ಲಿ ಮೈಯ ಬದಲಾವಣೆ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ. ಎಂಟನೇ ತರಗತಿಗೆ ಬರುವ ಹೊತ್ತಿಗೆ ಅವರಲ್ಲಿ ಅನೇಕರು ಆ ಹೊಸ್ತಿಲನ್ನು ದಾಟಿಯಾಗಿರುತ್ತದೆ. ಸರ್ಕಾರಿ ಶಾಲೆ, ಹಾಸ್ಟೆಲುಗಳ 10 ವರ್ಷ ತುಂಬಿದ ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುವ ‘ಶುಚಿ’ ಯೋಜನೆ ನಮ್ಮ ರಾಜ್ಯದಲ್ಲಿದೆ; ಅಂದರೆ ಹತ್ತನೇ ವಯಸ್ಸಿಗೇ ಬೇಕಾಗಬಹುದೆಂದು ಸರ್ಕಾರವೇ ಒಪ್ಪಿದೆ. ಇನ್ನು ಹುಡುಗರ ವಿಚಾರ. ನನಗೆ ತಿಳಿದ ಶಾಲೆಯೊಂದರಲ್ಲಿ ಪ್ರತಿವರ್ಷ ಹುಡುಗಿಯರನ್ನು ಮಾತ್ರ ಒಂದು ಕೋಣೆಗೆ ಕರೆದು, ಬಾಗಿಲು ಹಾಕಿ, ವೈದ್ಯರಿಂದ ಮಾತಾಡಿಸುತ್ತಾರೆ. ಆ ಹೊತ್ತಿಗೆ ಹುಡುಗರಿಗೆ ಮೈದಾನದಲ್ಲಿ ಕ್ರಿಕೆಟ್. ಬಾಗಿಲ ಹಿಂದೆ ಏನೋ ಗುಟ್ಟು ನಡೆಯಿತೆಂಬ ತಿಳಿವಳಿಕೆಯೊಂದನ್ನೇ ಆ ಹುಡುಗರು ಮನೆಗೆ ಒಯ್ಯುತ್ತಾರೆ. ಅಕ್ಕ ತಮ್ಮ ಒಂದೇ ಸೋಫಾದಲ್ಲಿ ಕೂತು ನೋಡುವ ಚಿತ್ರ ಈ ಬಾಗಿಲನ್ನು ತೆರೆಯಬಲ್ಲದು, ಪಠ್ಯಪುಸ್ತಕಕ್ಕೆ ಅದು ಅಷ್ಟು ಸುಲಭವಲ್ಲ. ಇಂಥ ಚಿತ್ರಗಳ ಪರವಾಗಿ ನನ್ನ ಅತಿ ಮುಖ್ಯ ವಾದ ಇದೇ.

ವಾಟ್ಸಾಪ್ ಗುಂಪಿನ ಆ ತಾಯಿಯ ಬೇಸರದಲ್ಲಿ ನ್ಯಾಯವಾದದ್ದು ಒಂದಿದೆ: ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಸ್ಟ್ರೀಮಿಂಗ್ ವೇದಿಕೆಗಳು ತಮ್ಮ ಚಿತ್ರಗಳನ್ನು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ವಿಂಗಡಿಸಬೇಕು, 13+ ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಪೋಷಕರ ಬೀಗ ಇರಬೇಕು, ಚಿತ್ರದಲ್ಲಿ ಏನಿದೆ ಎಂಬ ಸೂಚನೆಯನ್ನೂ ತೋರಿಸಬೇಕು. ಚಿತ್ರಮಂದಿರದ ಚಿತ್ರಗಳಿಗೂ 2024ರಿಂದ ಯುಎ ದರ್ಜೆಯನ್ನು ಇದೇ ರೀತಿ 7+, 13+, 16+ ಎಂದು ಒಡೆಯಲಾಗಿದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಪರದೆಯ ಮೂಲೆಯಲ್ಲಿ ಕೆಲವು ಕ್ಷಣ ಮಿಂಚಿ ಮಾಯವಾಗುವ ಚಿಕ್ಕ ಅಕ್ಷರಗಳಿಂದ ಯಾವ ಪೋಷಕರಿಗೂ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಈ ಚಿತ್ರಕ್ಕೆ ಪಿಜಿ (ಪೋಷಕರ ಮಾರ್ಗದರ್ಶನ ಇರಲಿ ಎಂಬ) ದರ್ಜೆ ಕೊಟ್ಟು, ವಸ್ತುವಿನ ಸ್ವರೂಪ, ಸೂಚ್ಯ ಸಂಗತಿಗಳು, ಭಾಷೆ ಎಂದು ಕಾರಣ ನೀಡಿದ್ದಾರೆ. ಅದೂ ಏನನ್ನೂ ಹೇಳದ ಮಾತೇ. ‘ಮುಟ್ಟಿನ ಪ್ರಸ್ತಾಪವಿದೆ, ತಾಯಿ ಮಗಳ ಜಗಳವಿದೆ’ ಎಂದು ಕನ್ನಡದಲ್ಲಿ ಒಂದು ಸಾಲು, ಚಿತ್ರ ಒತ್ತುವ ಮೊದಲೇ ಕಾಣುವಂತೆ ಹಾಕಿದರೆ ಬೇಡವಾದವರು ಬಿಡುತ್ತಾರೆ, ಬೇಕಾದವರು ಸಿದ್ಧರಾಗಿ ಕೂರುತ್ತಾರೆ.

ನೋಡುವವರಿಗೆ ನನ್ನ ಸಲಹೆ ಇಷ್ಟು. ಒಂಬತ್ತು ದಾಟಿದ ಮಕ್ಕಳಿಗೆ, ಹುಡುಗಿಯರಿರಲಿ ಹುಡುಗರಿರಲಿ, ಧಾರಾಳವಾಗಿ ತೋರಿಸಬಹುದು; ಅದಕ್ಕಿಂತ ಚಿಕ್ಕವರಿಗೆ ಕ್ರೀಡಾಂಗಣದ ಭಾಗ ಸದ್ದು ಗದ್ದಲದಿಂದ ಹೆದರಿಕೆ ಹುಟ್ಟಿಸಬಹುದು, ಉಳಿದದ್ದು ತಲೆಗೆ ಹತ್ತದೆ ಹೋಗುತ್ತದೆ, ಅದರಿಂದ ತೊಂದರೆಯೇನಿಲ್ಲ. ಅವಧಿ 100 ನಿಮಿಷ. ಮಕ್ಕಳ ಕೈಗೆ ಟ್ಯಾಬ್ ಕೊಟ್ಟು ಅವರಷ್ಟಕ್ಕೆ ಬಿಡುವ ಚಿತ್ರ ಇದಲ್ಲ. ಜೊತೆಯಲ್ಲಿ ಕೂರುವುದಾದರೆ ಅಪ್ಪನೂ ಕೂರಲಿ. ಮಗಳು ದೊಡ್ಡವಳಾಗುವ ಮೊದಲೇ ನೋಡಿದರೆ ಒಳ್ಳೆಯದು, ಆದ ಮೇಲೆ ನೋಡಿದರೆ ಅದು ಸಮಾಧಾನವಾದೀತು, ತಯಾರಿಯಾಗದು. ಹತ್ತಿರದಲ್ಲಿ ಆ ಎಂಟನೇ ತರಗತಿಯ ವಿಜ್ಞಾನದ ಪುಸ್ತಕವಿದ್ದರೆ ತೆಗೆದಿಟ್ಟುಕೊಳ್ಳಿ. ಡಬ್ಬದಲ್ಲಿ ಏನಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದರಲ್ಲಿರುವ ಚಿತ್ರಗಳು ಆ ಹೊತ್ತಿಗೆ ನೆರವಾಗುತ್ತವೆ. ‘ಇನ್‌ಸೈಡ್ ಔಟ್ 2’ ಅನ್ನು ಇದಾದ ನಂತರ, ಬೇರೆ ದಿನ ನೋಡುವುದು ಮೇಲು.